ದಂಡೆ ಹಿಡಿದು ಹೋದವರು

ಆದಿಮಾನವರು ಹೊಸ ಖಂಡಗಳಿಗೆ ಹೋಗಿ ನೆಲೆಸಿದ ಕಥೆಯನ್ನು, ಪಾಳಿ ಮುಗಿಸಿ ಬಂದ ಕಾರ್ಮಿಕರಿಗೆ ನಿದ್ದೆ ಹಾರಿಹೋಗುವಂತೆ ಹೇಳಬಲ್ಲವರು ನಾಗಸಂದ್ರದ ನಮ್ಮ ಸಂಜೆ ಕಾಲೇಜಿನ ಇತಿಹಾಸ ಪ್ರಾಧ್ಯಾಪಕಿ ಸುಮಂಗಲಾ ಅವರು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಅವರು ಮಾಡಿದ ಉಪಕಾರಗಳು ಹಲವು. ಅವರನ್ನು ಅರಿಯಲು ಮಾತ್ರ ಅವರ ಒಂದು ತಪ್ಪೇ ಸಾಕು.

೨೦೧೦ರಲ್ಲಿ ಲೇಥ್ ಕೆಲಸದ ಸಂಗಣ್ಣ ಅವರ ವಿದ್ಯಾರ್ಥಿ. ಹಿಮ ಕರಗಿ ದಾರಿ ಬಿಟ್ಟ ಮೇಲೆ, ಸುಮಾರು ಹದಿಮೂರು ಸಾವಿರ ವರ್ಷಗಳ ಹಿಂದೆ, ಮನುಷ್ಯರು ಅಮೆರಿಕದ ಒಳನಾಡಿಗೆ ಇಳಿದರೆಂದು ಪಠ್ಯ ಹೇಳುತ್ತಿತ್ತು. ಅದಕ್ಕೂ ಮೊದಲೇ ಕಡಲ ದಂಡೆಗುಂಟ ದೋಣಿಯಲ್ಲಿ ಹೋದರೆಂದು ಸಂಗಣ್ಣ ಪರೀಕ್ಷೆಯಲ್ಲಿ ಬರೆದ. ಮೇಡಂ ಕೆಂಪು ಗೀಟು ಎಳೆದು, ಉತ್ತರಪತ್ರಿಕೆಯನ್ನು ತರಗತಿಯಲ್ಲಿ ಅವನ ಕೈಗಿತ್ತರು.

‘ಐಸ್ ಕರಗೂತನಕ ಅವರು ಕಾಯ್ಕೋತ ಕುಂತಿದ್ರೇನ್ರೀ ಮೇಡಂ?’ ಎಂದ ಸಂಗಣ್ಣ.

‘ನೀನೇ ಕರ್ಕೊಂಡೋಗಿದ್ಯಾ ಮಗಾ?’ ಎಂದಿತು ಹಿಂದಿನ ಬೆಂಚು. ತರಗತಿ ನಕ್ಕಿತು, ಮೇಡಂ ಕೂಡ ನಕ್ಕರು. ಸಂಗಣ್ಣ ನಗಲಿಲ್ಲ. ಆ ಪರೀಕ್ಷೆಯಲ್ಲಿ ಫೇಲಾದವನು ಮತ್ತೆ ಕಾಲೇಜಿಗೆ ಬರಲೂ ಇಲ್ಲ.

ಹನ್ನೊಂದು ವರ್ಷ ಕಳೆದವು. ಅಮೆರಿಕದ ಒಣ ಕೆರೆಯಂಗಳವೊಂದರಲ್ಲಿ ಇಪ್ಪತ್ತೊಂದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯರ ಹೆಜ್ಜೆಗುರುತುಗಳು ಸಿಕ್ಕಿವೆಯೆಂದು ಮೇಡಂ ಓದಿದರು. ವಿದ್ವಾಂಸರ ವಾದ ಇನ್ನೂ ಮುಗಿದಿರಲಿಲ್ಲ. ಆದರೆ ಹಿಮ ದಾರಿ ಬಿಡುವ ಮೊದಲೇ ಜನ ಅಲ್ಲಿದ್ದಿರಬಹುದೆಂದ ಮೇಲೆ ಕರಾವಳಿಯ ದಾರಿಯನ್ನು ಇನ್ನು ಯಾರೂ ನಕ್ಕು ತಳ್ಳಿಹಾಕುವಂತಿರಲಿಲ್ಲ. ಸಂಗಣ್ಣನ ಉತ್ತರಪತ್ರಿಕೆಯ ಕಥೆಯನ್ನು ಅವರು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರು.

‘ಪುಸ್ತಕದಲ್ಲಿ ಹಂಗಿತ್ತು, ನೀವೇನ್ ಮಾಡ್ತೀರಾ ಬಿಡಿ ಮೇಡಂ’ ಎಂದರು ಸಹೋದ್ಯೋಗಿ ಗೋಪಾಲಪ್ಪ.

‘ಪುಸ್ತಕದಲ್ಲಿ ಇತ್ತು ಸಾರ್. ನಕ್ಕಿದ್ದು ನಾನು.’

ಮೂರು ಭಾನುವಾರ ಅವರು ಸಂಗಣ್ಣನನ್ನು ಹುಡುಕುತ್ತ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡು ಶೆಡ್ಡು ವಿಚಾರಿಸಿಕೊಂಡು ತಿರುಗಿದರು. ನಾಲ್ಕನೆಯ ಭಾನುವಾರ, ಎರಡು ಲೇಥ್ ಇಟ್ಟುಕೊಂಡು ತನ್ನದೇ ಶೆಡ್ ನಡೆಸುತ್ತಿದ್ದ ಸಂಗಣ್ಣ ಸಿಕ್ಕ.

‘ನಾಲ್ಕು ಭಾನುವಾರದಿಂದ ಪೀಣ್ಯದಲ್ಲಿ ನಿಮ್ಮನ್ನೇ ಹುಡುಕ್ತಿದ್ದೀನಿ ಸಂಗಣ್ಣ. ನಿಮ್ಮ ಉತ್ತರ ಹೊಡೆದುಹಾಕಿದ್ದು ನನ್ನ ತಪ್ಪು. ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು.’

ಸಂಗಣ್ಣ ಯಂತ್ರ ನಿಲ್ಲಿಸಿದ. ಎಣ್ಣೆಗೈ ಒರೆಸಿಕೊಂಡು ಸ್ಟೂಲೊಂದನ್ನು ಎಳೆದು ಮೇಡಂ ಮುಂದಿಟ್ಟ.

‘ಇಷ್ಟು ಹೇಳಾಕ ಪೀಣ್ಯಾ ಎಲ್ಲಾ ತಿರುಗಿದ್ರೇನ್ರೀ? ಕುಂಡರ್ರಿ, ಚಾ ತರಸ್ತೀನಿ. ಆಮ್ಯಾಲ ಉಳಿದ ಪಾಠಾನೂ ಹೇಳಿಬಿಡ್ರಿ’ ಎಂದ.

ಸಂಗಣ್ಣ ಕಾಲೇಜಿನಲ್ಲಿ ಮತ್ತೆ ಹೆಸರು ನೋಂದಾಯಿಸಿ, ಕಳೆದ ವರ್ಷ, ಮೂವತ್ತೇಳರ ಪ್ರಾಯದಲ್ಲಿ ಬಿ.ಎ. ಪಾಸಾದರು. ಈ ತಿಂಗಳ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ. ಬರುವ ತಿಂಗಳಿಂದ ಪ್ರತಿ ಭಾನುವಾರ ಸಂಗಣ್ಣನವರ ಶೆಡ್ಡಿನಲ್ಲೇ ಮೇಡಂ ಅವರ ಪಾಠ; ಈಗಾಗಲೇ ಹನ್ನೊಂದು ಮಂದಿ ಕಾರ್ಮಿಕರು ಹೆಸರು ಕೊಟ್ಟಿದ್ದಾರೆ. ಆ ಹನ್ನೊಂದು ಮಂದಿಯೂ ಮೇಡಂ ಅವರ ತಪ್ಪನ್ನು ಎದ್ದು ನಿಂತು ಹೇಳುವಷ್ಟು ಬೆಳೆಯಲಿ; ಅದನ್ನು ಕೂತು ಕೇಳುವಷ್ಟು ದೀರ್ಘವಾದ ಆಯುಷ್ಯ, ಆರೋಗ್ಯ ಮೇಡಂ ಅವರಿಗಿರಲಿ.