ಗೆದ್ದವರೇ ಕುಡಿಸಬೇಕು

ಹಿಲ್ಡಾ ಫ್ರೀಸನ್‌ಗೆ ಎರಡು ಹುಚ್ಚು. ಒಂದು, ಚಳಿಗಾಲವಿಡೀ ಮಂಜುಗಡ್ಡೆಯ ಮೇಲೆ ಗುಂಡುಕಲ್ಲು ಜಾರಿಸುವ ಕರ್ಲಿಂಗ್ ಆಟ. ಇನ್ನೊಂದು, ಪೆಟ್ಟಿಗೆ ಮತ್ತು ಬಾಣ. ಮೊದಲನೆಯದು ವೆಲ್ಯಾಂಡ್ ಊರಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಎರಡನೆಯದನ್ನು ಗಂಡ ವಾಲ್ಟರನಿಗೆ ಹೇಳಿ ಹೇಳಿ ಅವಳ ಬಾಯಿ ನೋವಾಯಿತೇ ಹೊರತು ಅವನ ತಲೆಗೆ ಹೋಗಲಿಲ್ಲ.

ಕೇಳಿದರೆ ಇಷ್ಟೇ. ಕಾಲುವೆಯಲ್ಲಿ ಹಡಗು ಬಂದಾಗ ಮೇಲೇಳುವ ಸೇತುವೆಗಳಿವೆಯಲ್ಲ, ಅಂಥವನ್ನು ನಡೆಸುವ ಪ್ರೋಗ್ರಾಮು ಮಾಡಿಕೊಡುವುದು ಅವಳ ಕಂಪನಿಯ ಕೆಲಸ. ಆದರೆ ಅವಳು ಪ್ರೋಗ್ರಾಮು ಬರೆಯುವುದಿಲ್ಲ, ಚಿತ್ರ ಬರೆಯುತ್ತಾಳೆ. 'ಗೇಟು ಮುಚ್ಚಿದೆ' ಅನ್ನುವುದು ಒಂದು ಪೆಟ್ಟಿಗೆ, 'ಸೇತುವೆ ಏಳುತ್ತಿದೆ' ಅನ್ನುವುದು ಇನ್ನೊಂದು. ಇದರಿಂದ ಅದಕ್ಕೆ ಯಾವಾಗ ಹೋಗಬಹುದು ಅಂತ ತೋರಿಸಲು ನಡುವೆ ಒಂದು ಬಾಣ. ಇದಕ್ಕೇ ಮಾದರಿ ಅನ್ನುವುದು. ಮಾದರಿ ಸರಿಯಾಗಿದ್ದರೆ ಕಂಪ್ಯೂಟರೇ ಅದರಿಂದ ಸಾವಿರಾರು ಸಾಲಿನ ಪ್ರೋಗ್ರಾಮು ಹೊಸೆದುಕೊಡುತ್ತದೆ. ಮೊದಲ ಸಲ ಅವಳ ಚಿತ್ರವನ್ನು ನಂಬಿ ನಿಜವಾದ ಸೇತುವೆ, ಅಷ್ಟು ದೊಡ್ಡ ಕಬ್ಬಿಣದ ರಾಶಿ, ಮೇಲೆದ್ದು ನಿಂತಿತು. ಕೆಳಗೆ ಗೋಧಿ ಹೊತ್ತ ಹಡಗು ಸದ್ದಿಲ್ಲದೆ ಹಾದುಹೋಯಿತು. ಹಿಲ್ಡಾ ದಡದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. "ದೇವರೇ, ಇದು ನಾನು ಎಳೆದ ಬಾಣ!" ಅಂದಳಂತೆ. ಆ ಬೆರಗು ಅವಳಿಗೆ ಇವತ್ತಿಗೂ ಇಳಿದಿಲ್ಲ.

ಬೆರಗನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಅವಳೊಂದು ಸಭೆ ಶುರುಮಾಡಿದಳು. ಪ್ರತಿ ಜೂನಿನಲ್ಲಿ, ಮಂಜು ಕರಗಿಸಿ ಖಾಲಿ ಬಿದ್ದಿರುವ ಕರ್ಲಿಂಗ್ ಕ್ಲಬ್ಬಿನಲ್ಲಿ. ಮಾದರಿಗಳ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರುಗಳು ಬರಲಿ, ಗಣಿ, ರೈಲು, ಕಾರ್ಖಾನೆಗಳಲ್ಲಿ ಅದನ್ನೇ ನೆಚ್ಚಿಕೊಂಡ ಎಂಜಿನಿಯರುಗಳೂ ಬರಲಿ ಅಂತ. ಒಬ್ಬರ ಹತ್ತಿರ ಔಷಧಿ, ಇನ್ನೊಬ್ಬರ ಹತ್ತಿರ ಕಾಯಿಲೆ, ಒಂದು ಸೂರಿನಡಿ ಕೂರಿಸಿದರೆ ಸಾಕು ಅಂದುಕೊಂಡಿದ್ದಳು. ಎಲ್ಲಿಯ ಮಾತು! ವರ್ಷಗಟ್ಟಲೆ ಎರಡು ಕಡೆಯವರೂ ಮುನಿಸಿಕೊಂಡ ಬೀಗರ ಹಾಗೆ ಬೇರೆ ಬೇರೆ ಮೇಜಿನಲ್ಲಿ ಕೂತು, ಅವಳು ಮಾಡಿ ತಂದ ಬಟರ್ ಟಾರ್ಟ್ ಅನ್ನುವ ಸಿಹಿ ತಿಂದು, ಕೈ ಒರೆಸಿಕೊಂಡು ಹೋದರು. ಪ್ರೊಫೆಸರುಗಳು ತೋರಿಸುತ್ತಿದ್ದದ್ದು ಆಟಿಕೆ ಉದಾಹರಣೆ. ಎಂಜಿನಿಯರುಗಳೋ, ತಮ್ಮ ತೊಂದರೆಯ ಬಗ್ಗೆ ಬಾಯಿಗೆ ಬೀಗ. ಒಂದು ವರ್ಷವಂತೂ ಎಂಜಿನಿಯರುಗಳೆಲ್ಲ ಸೇರಿ ಒಂದೇ ಮೇಜಿಗಾದರು.

"ಇವರೂ ಎದ್ದು ಹೋದ್ರೆ ಮುಗೀತು ವಾಲ್ಟರ್. ಸಭೆ ಇಲ್ಲ. ಮುಂದಿನ ವರ್ಷ ಟಾರ್ಟೆಲ್ಲ ನಾನು ನೀನೇ ತಿನ್ನೋದು," ಅಂದಳು ಹಿಲ್ಡಾ.

"ನಂದೇನೂ ತಕರಾರಿಲ್ಲ," ಅಂದ ವಾಲ್ಟರ್. ಅವಳಿಗೆ ನಗು ಬರಲಿಲ್ಲ.

ಅವತ್ತು ಮಾತಾಡುತ್ತಿದ್ದವಳು ಮಾಂಟ್ರಿಯಲ್ಲಿನ ಪ್ರೊಫೆಸರ್ ಸೋಲಾಂಜ್ ಗಿರಾರ್. "ಬದಲಾಯಿಸೋದಿದ್ರೆ ಚಿತ್ರ ಬದಲಾಯಿಸಿ. ಅದರಿಂದ ಹುಟ್ಟಿದ ಪ್ರೋಗ್ರಾಮಿಗೆ ಮಾತ್ರ ಯಾರೂ ಕೈ ಹಾಕಬಾರದು. ಹಾಕಿದ್ರೆ ಚಿತ್ರ ಒಂದು ಹೇಳುತ್ತೆ, ಯಂತ್ರ ಇನ್ನೊಂದು ಮಾಡುತ್ತೆ," ಅಂದಳು.

ಹಿಂದಿನಿಂದ ಗಾರ್ನೆಟ್ ಡಾಯ್ಲ್ ಕೆಮ್ಮಿದ. ಸಡ್ಬರಿಯ ಹತ್ತಿರ ಒಂದು ನಿಕ್ಕಲ್ ಗಣಿಯಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ಪಂಜರದ ಉಸ್ತುವಾರಿ ಅವನದು. ಅವನ ಅಳಿಯ ಡೆನಿಸನೂ ಅದೇ ಪಂಜರದಲ್ಲಿ ಇಳಿಯುವವನು.

"ಪ್ರೊಫೆಸರೇ, ಬೆಳಗಿನ ಪಾಳಿಯವ್ರು ಸಾಲಾಗಿ ನಿಂತಿರ್ತಾರೆ. ಬಾಗಿಲ ಸೆನ್ಸರಿಗೆ ಕೆಸರು ಮೆತ್ತಿಕೊಂಡು ಪಂಜರ ಕದಲಲ್ಲ. ಆಗ ನಾನು ಚಿತ್ರ ಬಿಡಿಸ್ಕೊಂಡು ಕೂರ್ಲಾ? ಪ್ರೋಗ್ರಾಮಿಗೇ ಕೈ ಹಾಕ್ತೀನಿ. ಹಾಕಿದೀನಿ. ಮುಂದೂ ಹಾಕ್ತೀನಿ."

ಎಂಜಲು ಕೈಯನ್ನು ಅನ್ನದ ಪಾತ್ರೆಗೆ ಅದ್ದಿದವನನ್ನು ನೋಡುವಂತೆ ನೋಡಿದಳು ಸೋಲಾಂಜ್. "ಹಾಗಾದ್ರೆ ನಿಮಗೆ ಮಾದರಿ ಯಾಕ್ರೀ? ಗೋಡೆಗೆ ತೂಗಿಹಾಕೋಕಾ?"

ಅವಳ ಮೇಜಿನವರು ನಕ್ಕರು. ಗಾರ್ನೆಟ್ ಕೋಟು ಎತ್ತಿಕೊಂಡ. "ಬರ್ತೀನಿ ಹಿಲ್ಡಾ. ಟಾರ್ಟ್ ಚೆನ್ನಾಗಿತ್ತು." ಅವನ ಹಿಂದೆಯೇ ಉಳಿದವರ ಕುರ್ಚಿಗಳೂ ಕಿರ್ರೆಂದವು. ಹಿಲ್ಡಾ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ನಿಂತ್ಕೋ ಗಾರ್ನೆಟ್!" ಅಂದಳು. ಆಮೇಲೆ ಎಲ್ಲರ ಕಡೆ ತಿರುಗಿದಳು. "ಪ್ರೋಗ್ರಾಮಿಗೆ ಕೈ ಹಾಕಿದೋರು ಇನ್ನೂ ಯಾರ್ಯಾರಿದೀರಿ? ನಿಜ ಹೇಳಿ." ಹೇಳುತ್ತ ತನ್ನ ಕೈಯನ್ನೇ ಮೊದಲು ಎತ್ತಿದಳು.

ಎಂಜಿನಿಯರುಗಳ ಮೇಜಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಆಮೇಲೆ ಪ್ರೊಫೆಸರುಗಳ ಕಡೆ ಒಬ್ಬಳು ವಿದ್ಯಾರ್ಥಿನಿ, ಆಮೇಲೆ ಒಬ್ಬ ನರೆತ ಗಡ್ಡದವನು. ಕೊನೆಗೆ ಸೋಲಾಂಜಳ ಕೈಯೂ ಕಿವಿಯವರೆಗೆ ಬಂತು. "ಒಂದೇ ಸಲ," ಅಂದಳು. "ಅದೂ ಹೋದ ವಾರ." ಕ್ಲಬ್ಬಿನ ತಗಡು ಹಾರಿಹೋಗುವಷ್ಟು ನಗು.

"ಗಾರ್ನೆಟ್ ಗೆದ್ದ," ಅಂದಳು ಹಿಲ್ಡಾ.

"ಗೆದ್ದೆ ತಾನೆ? ದಾರಿ ಬಿಡು."

"ಹೋಗು ನೋಡೋಣ! ಇದು ಕರ್ಲಿಂಗ್ ಕ್ಲಬ್ಬು ಮಾರಾಯ. ಗೆದ್ದೋನು ಸೋತವರಿಗೆ ಕುಡಿಸದೆ ಆ ಬಾಗಿಲು ದಾಟಿದ್ದನ್ನ ನಾನಂತೂ ಕಂಡಿಲ್ಲ."

ಆ ಆಟದ ಪದ್ಧತಿಯೇ ಹಾಗೆ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಸಿ ಒಂದೇ ಮೇಜಿನಲ್ಲಿ ಕೂರಬೇಕು. ಗಾರ್ನೆಟ್ ಜಾರುವ ಕಲ್ಲಿನ ಮುಂದೆ ಪೊರಕೆ ಹಿಡಿದು ಮಂಜು ಉಜ್ಜುತ್ತಲೇ ಬೆಳೆದವನು. ಏನು ಬಿಟ್ಟರೂ ಇದನ್ನು ಬಿಡುವ ಹಾಗಿರಲಿಲ್ಲ. ಬೈದುಕೊಳ್ಳುತ್ತಲೇ ಹೋಗಿ ಎರಡು ಬಿಯರ್ ತಂದು ಸೋಲಾಂಜಳ ಎದುರು ಕುಕ್ಕಿ ಕೂತ.

"ಯಾಕೆ ಕೈ ಹಾಕ್ತೀರಿ ಅಂತ ಮೊದಲೇ ಹೇಳಬಾರದಿತ್ತಾ?" ಕೇಳಿದಳು ಅವಳು.

"ನೀವು ಕೇಳಿದ್ದೆಲ್ಲಿ? ಬರೀ ಹೇಳ್ತಾನೇ ಇದ್ರಿ."

ಅವಳು ಒಂದು ಗುಟುಕು ಕುಡಿದಳು. "ಸರಿ, ಈಗ ಕೇಳ್ತೀನಿ." ಸಂಜೆಯಾಗುವ ಹೊತ್ತಿಗೆ ಯಾವ ಕುರ್ಚಿ ಯಾವ ಮೇಜಿನದು ಅಂತ ಹೇಳುವುದೇ ಕಷ್ಟವಾಗಿತ್ತು. ಹಿಲ್ಡಾ ಅಡುಗೆಮನೆಗೆ ಹೋಗಿ ತಟ್ಟೆ ತೊಳೆಯುವ ನೆಪದಲ್ಲಿ ಚೆನ್ನಾಗಿ ಅತ್ತಳು. ಖುಷಿಗೆ.

ಆ ಚಳಿಗಾಲ ಸೋಲಾಂಜ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಣಿಗೇ ಹೋದಳು. ಕೈ ಹಾಕಬೇಡಿ ಅನ್ನುವುದನ್ನು ಬಿಟ್ಟಳು. ಕೈ ಹಾಕಿದ್ದನ್ನೆಲ್ಲ ಕಂಪ್ಯೂಟರೇ ಹುಡುಕಿ ಮತ್ತೆ ಚಿತ್ರಕ್ಕೆ ಸೇರಿಸುವ ಉಪಾಯ ಹೂಡಿದಳು. ಮುಂದಿನ ಜೂನಿನಲ್ಲಿ ಹಿಲ್ಡಾ ಚರ್ಚಿನಿಂದ ಕುರ್ಚಿ ಕಡ ತರಬೇಕಾಯಿತು, ಅಷ್ಟು ಜನ.

ಅವತ್ತು ಗಾರ್ನೆಟ್ ತನ್ನ ಪಂಜರದ ಪ್ರೋಗ್ರಾಮನ್ನು ಪೂರ್ತಿ ತಂದಿದ್ದ. ಸೋಲಾಂಜಳ ಉಪಾಯಕ್ಕೆ ಅದುವರೆಗೆ ಚೂರುಚೂರು ಹಾಕಿ ನೋಡಿದ್ದರು, ಪೂರ್ತಿ ಹಾಕಿದ್ದು ಅವತ್ತೇ ಮೊದಲು. ಗೋಡೆಯ ಮೇಲೆ ಹಳೆಯ ಚಿತ್ರ ಮೂಡಿತು. ಅದರ ಮೇಲೆ ತಾನಾಗಿ ಒಂದು ಹೊಸ ಬಾಣ ಎದ್ದಿತು. ಇನ್ನೊಂದು. ಮತ್ತೊಂದು.

"ಅದು ಕೆಸರಿನ ಸೆನ್ಸರ್‌ದು," ಅಂದ ಗಾರ್ನೆಟ್. "ಇದು ಕರೆಂಟು ಹೋದ ಹಿಮದ ದಿನದ್ದು. ಅಯ್ಯೋ, ಇದನ್ನ ನಾನೇ ಮರೆತಿದ್ದೆ!"

ಒಬ್ಬ ಮನುಷ್ಯ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಮಾಡಿದ ಕೆಲಸವೆಲ್ಲ ಗೋಡೆ ತುಂಬ ಹಬ್ಬುತ್ತಿತ್ತು. ಸೇತುವೆ ಮೊದಲ ಸಲ ಎದ್ದಾಗ ಆದ ಹಾಗೆಯೇ ಹಿಲ್ಡಾಳ ಮೈ ಜುಮ್ಮೆಂದಿತು.

ಆಗ ಎರಡು ಬಾಣ ಕೆಂಪಾದವು.

ಸೋಲಾಂಜ್ ಹತ್ತಿರ ಹೋಗಿ ನೋಡಿದಳು. ಅವಳ ದನಿ ಇಳಿಯಿತು. "ಗಾರ್ನೆಟ್, ಈ ಎರಡು ರಿಪೇರಿ ಬೇರೆ ಬೇರೆಯಾಗಿ ಸರಿ ಇವೆ. ಒಟ್ಟಿಗೆ ಬಂದ್ರೆ ಇಲ್ಲೊಂದು ದಾರಿ ತೆರೆಯುತ್ತೆ. ಪಂಜರ ಮೇಲೆ ಬಂದಿರೋದಿಲ್ಲ, ಬಾಗಿಲು ಮಾತ್ರ ತೆರೆದುಕೊಳ್ಳುತ್ತೆ."

ಗಾರ್ನೆಟ್ ಆ ಎರಡು ಬಾಣಗಳನ್ನೇ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಗಣಿಗೆ ಹಚ್ಚಿದ.

"ಪಂಜರ ನಿಲ್ಸು. ಈಗ್ಲೇ. ಬಾಗಿಲಿಗೆ ಬೀಗ ಜಡಿ. ಕೆಳಗಿರೋರನ್ನ ಆ ಕಡೆ ಇರೋ ಇನ್ನೊಂದು ಪಂಜರದಲ್ಲಿ ಹತ್ಸು. ಇಲ್ಲಪ್ಪ, ಯಾರಿಗೂ ಏನೂ ಆಗಿಲ್ಲ. ಆಗೋ ಮುಂಚೆ ಕಂಡ್ತು." ಆಮೇಲೆ ಕೇಳಿದ, "ನಮ್ಮ ಡೆನಿಸ್ ಈ ಪಾಳಿಯಾ? ಮೇಲೆ ಬಂದ ತಕ್ಷಣ ಫೋನ್ ಮಾಡೋಕೆ ಹೇಳು."

ಫೋನು ಇಡುವಷ್ಟರಲ್ಲಿ ಸೋಲಾಂಜ್ ಎರಡು ಬಿಯರ್ ತಂದು ಮೇಜಿನ ಮೇಲಿಟ್ಟಿದ್ದಳು. ಗೆದ್ದೆ ಅಂತ ಅವಳು ಹೇಳಲಿಲ್ಲ, ಹೇಳುವ ಮುಖವೂ ಅವಳದಾಗಿರಲಿಲ್ಲ.

ಗಾರ್ನೆಟ್ ಲೋಟ ಮುಟ್ಟದೆ ಫೋನನ್ನೇ ನೋಡುತ್ತ ಕೂತ. ಸುತ್ತ ಕೂತವರೂ ಕುಡಿಯಲಿಲ್ಲ. ಬಹಳ ಹೊತ್ತಿನ ಮೇಲೆ ಫೋನು ಬಡಿದುಕೊಂಡಿತು. "ಮಾವ, ಏನ್ ಗಲಾಟೆ ನಿಂದು? ಊಟಕ್ಕೆ ಕೂತಿದ್ವಿ," ಅನ್ನುವ ದನಿ ಪಕ್ಕದ ಮೇಜಿಗೂ ಕೇಳಿಸಿತು.

"ಏನಿಲ್ಲ, ಊಟ ಮಾಡು," ಅಂದ ಗಾರ್ನೆಟ್. ಫೋನು ಇಟ್ಟು ಹಿಲ್ಡಾಳ ಕಡೆ ನೋಡಿದ. "ಹೋದ ವರ್ಷ ನಾನು ಆ ಬಾಗಿಲು ದಾಟಿ ಹೋಗಿಬಿಟ್ಟಿದ್ರೆ?"

"ಹೋಗಲಿಲ್ಲವಲ್ಲ," ಅಂದಳು ಹಿಲ್ಡಾ. "ಈಗ ಕುಡಿ."