ಸರಕಿನ ದೋಣಿಯಲ್ಲಿ ಮಹಾಬಲಿಪುರಕ್ಕೆ

ನಾವು ಮದರಾಸಿಗೆ ಬಂದು ಎಂಟು ತಿಂಗಳಾದರೂ ನಮ್ಮವ್ವ ಅದನ್ನು ಪರದೇಶವೆಂದೇ ಕರೆಯುತ್ತಿದ್ದಳು. ನಮ್ಮ ಯಜಮಾನರಿಗೆ ಅಲ್ಲಿ ಎರಡು ವರ್ಷದ ಆಫೀಸಿನ ತರಬೇತಿ. ನುಂಗಂಬಾಕ್ಕಂನ ಒಂದು ಮಹಡಿ ಕೋಣೆಯಲ್ಲಿ ಸಂಸಾರ. ಭಾನುವಾರ ಬಂದರೆ ಸಾಕು, ರೊಟ್ಟಿ ಕಟ್ಟಿಕೊಂಡು ಹೊರಬೀಳುತ್ತಿದ್ದೆವು. ಪರಂಗಿಮಲೆ ಹತ್ತಿಳಿದಿದ್ದೆವು. ಎಣ್ಣೂರಿನ ಹಿನ್ನೀರಿನಲ್ಲಿ ಹುಟ್ಟು ಹಾಕಲು ಹೋಗಿ ಇಬ್ಬರೂ ನೀರಿಗೆ ಬಿದ್ದು, ದಂಡೆಯಲ್ಲಿ ಕೂತು ಬಟ್ಟೆ ಒಣಗಿಸಿಕೊಂಡಿದ್ದೆವು. ಪೊಂಗಲ್ ರಜೆಗೆ ಇವರು ಇನ್ನೊಂದು ಸಾಹಸ ಹುಡುಕಿದರು. ಬಸ್ಸು ಬೇಡ, ಸರಕಿನ ದೋಣಿ ಹಿಡಿದು, ಮದರಾಸಿನಿಂದ ದಕ್ಷಿಣಕ್ಕೆ ಹೋಗುವ ದೊಡ್ಡ ಕಾಲುವೆಯಗುಂಟ ಮಹಾಬಲಿಪುರಕ್ಕೆ ಹೋಗೋಣ ಎಂದರು.

ಈ ಉತ್ಸಾಹದ ಕಾರಣ ನನಗೆ ಗೊತ್ತಿತ್ತು. ಗದಗಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನವರು ನನ್ನನ್ನು ಪಾಠ ಹೇಳಲು ಕರೆದಿದ್ದರು. ಜೂನಿಗೆ ಸೇರಬೇಕು, ಬರುತ್ತೇನೋ ಇಲ್ಲವೋ ಎಂಬುದನ್ನು ಆ ತಿಂಗಳೊಳಗೇ ತಿಳಿಸಬೇಕು. ಹೋದರೆ ಇವರು ಸುಮಾರು ಒಂದು ವರ್ಷ ಆ ಕೋಣೆಯಲ್ಲಿ ಒಬ್ಬರೇ. ಹೋಗದಿದ್ದರೆ ನನ್ನ ಓದು ಪೆಟ್ಟಿಗೆಯಲ್ಲೇ. ನಮ್ಮಪ್ಪ ಹತ್ತಿ ಅಂಡಿಗೆಯ ಗಾಡಿ ಹೊಡೆಯುವವನು. ನಮ್ಮ ಮನೆತನದಲ್ಲಿ ಅಕ್ಷರ ಕಂಡವಳು ನಾನೇ ಮೊದಲು. ಊರವರ ಚುಚ್ಚುಮಾತು ಕೇಳಿಸಿಕೊಂಡು, ಧಾರವಾಡದಲ್ಲಿ ಒಪ್ಪತ್ತು ಉಂಡು ಬಿ.ಎ. ಮಾಡಿದವಳು. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಇವರು ಹೋಗಬೇಡ ಎಂದಿರಲಿಲ್ಲ. ಮದರಾಸನ್ನು ನೀನಿನ್ನೂ ಪೂರ್ತಿ ನೋಡಿಯೇ ಇಲ್ಲ ಎನ್ನುತ್ತಿದ್ದರು, ಅಷ್ಟೆ.

ಹೊರಡುವ ಮಧ್ಯಾಹ್ನ ಇವರು ಕೂಜದಲ್ಲಿ ಕುಡಿಯುವ ನೀರು ತುಂಬಿದರು. ನಾನು ಅದನ್ನು ಚೆಲ್ಲಿಸಿದೆ. ಹೊಸಪೇಟೆಯಲ್ಲಿ ನಮ್ಮತ್ತೆಯ ಮನೆಯ ಹಿತ್ತಲಿಗೇ ತುಂಗಭದ್ರೆಯ ಕಾಲುವೆ. ಮುಖ ತೊಳೆಯುವುದು, ಕುಡಿಯುವುದು, ಎಲ್ಲ ಅದರಲ್ಲೇ. ಕಾಲುವೆಯಗುಂಟ ಹೋಗುವವರು ನೀರು ಹೊರುವುದೆಂದರೆ ನನಗೆ ನಗು ಬಂತು. ಇವರಿಗೂ ನನ್ನ ಮಾತು ಸರಿಯೆನ್ನಿಸಿತು.

ಅಡಯಾರಿಗೆ ಬಸ್ಸಿನಲ್ಲಿ ಕೆಲವೇ ಆಣೆ. ಅಲ್ಲಿಂದ ದೋಣಿಗೆ ಇಬ್ಬರಿಂದ ಒಂದು ರೂಪಾಯಿ. ದೋಣಿ ಮುನುಸ್ವಾಮಿಯದು. ಮದರಾಸಿನಲ್ಲಿ ಸೌದೆ ಇಳಿಸಿ, ಹಬ್ಬಕ್ಕೆಂದು ತಮ್ಮನೊಂದಿಗೆ ಖಾಲಿ ದೋಣಿಯಲ್ಲಿ ಮಹಾಬಲಿಪುರದ ತನ್ನ ಮನೆಗೆ ಹೊರಟಿದ್ದ. ಗಾಳಿ ಇದ್ದಾಗ ಹಾಯಿ. ಗಾಳಿ ಬಿದ್ದಾಗ ತಮ್ಮ ದಂಡೆಗಿಳಿದು ಹಗ್ಗ ಹೆಗಲಿಗೇರಿಸಿ ಎಳೆಯುತ್ತಿದ್ದ. ಇವರೂ ಇಳಿದು ಸ್ವಲ್ಪ ದೂರ ಎಳೆದರು. ಆಫೀಸಿನವರಿಗೆ ಈ ಕೆಲಸ ಯಾಕಮ್ಮಾ ಎಂದು ಮುನುಸ್ವಾಮಿ ನನ್ನನ್ನು ಕೇಳಿದ. ಮನೆಯಲ್ಲಿ ಒಂದು ಕೊಡ ಎತ್ತುವುದಿಲ್ಲ, ಇಲ್ಲಾದರೂ ಎಳೆಯಲಿ ಬಿಡಿ ಎಂದೆ. ನನ್ನ ಮುರುಕು ತಮಿಳು ಅರ್ಥವಾಗಿ ಅವನು ನಕ್ಕ.

ಬೆಳಗಾದಾಗ ದೋಣಿ ನಿಂತಿತ್ತು. ದಾರಿಯ ನಡುವಿನ ಕೋವಳಂ ಎಂಬ ಊರಿನ ಬಳಿ ಸಮುದ್ರದ ಇಳಿತಕ್ಕೆ ಕಾಲುವೆಯ ನೀರೂ ಇಳಿದು, ದೋಣಿಯ ತಳ ಕೆಸರಿಗೆ ಕೂತಿತ್ತು. ಮತ್ತೆ ನೀರೇರಲು ಮಧ್ಯಾಹ್ನವಾಗಬೇಕಿತ್ತು. ಬಾಯಿ ಮುಕ್ಕಳಿಸಲು ಬಗ್ಗಿ ಬೊಗಸೆ ನೀರು ತೆಗೆದುಕೊಂಡೆ. ಅಪ್ಪಟ ಉಪ್ಪು. ಉಗುಳಿ ತಲೆ ಎತ್ತಿದರೆ ಇವರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಹೆಂಗೈತ್ರಿ ಬಿ.ಎ. ಬಾಯಾರ, ಕಾಲುವಿ ನೀರು?"

ಬೆಳಿಗ್ಗೆಯೇ ಮನೆ ಸೇರುವ ಅಂದಾಜಿನಲ್ಲಿದ್ದ ಮುನುಸ್ವಾಮಿಯ ಕೊಡವೂ ಬರಿದಾಗಿತ್ತು. ತಮ್ಮನನ್ನು ಊರಿನ ಬಾವಿಗೆ ಕಳಿಸಿದ. ಹಬ್ಬದ ದಿನ, ನಂಟರ ಊರು. ಹೋದರೆ ಬೇಗ ಮರಳುವ ಆಸಾಮಿಯಲ್ಲ ಎಂದು ಅವನೇ ಹೇಳಿದ. ಬಿಸಿಲೇರುತ್ತಿತ್ತು. ಲಿಂಗಪೂಜೆಯಾಗದೆ ನಾನು ಬಾಯಿಗೆ ಏನನ್ನೂ ಹಾಕುವವಳಲ್ಲ. ಉಪ್ಪುನೀರಿನಲ್ಲಿ ಪೂಜೆ ಮಾಡಲೊಲ್ಲೆ. ನಾನು ಉಣ್ಣದೆ ಇವರು ಉಣ್ಣಲೊಲ್ಲರು. ರೊಟ್ಟಿಯ ಗಂಟು ನಡುವೆ ಇಟ್ಟುಕೊಂಡು ಇಬ್ಬರೂ ಹಸಿದು ಕೂತೆವು.

ದಂಡೆಯಾಚೆ ತಾಳೆಮರಗಳ ನಡುವೆ ಮರಳ ದಿಬ್ಬ ಕಾಣುತ್ತಿತ್ತು. ನನ್ನ ತವರಿನಲ್ಲಿ ಬೇಸಿಗೆಗೆ ಹಳ್ಳ ಬತ್ತಿದರೆ ಮರಳಲ್ಲಿ ವರ್ತಿಯ ಗುಂಡಿ ತೋಡಿ, ಜಿನುಗಿದ ನೀರು ತುಂಬುತ್ತಿದ್ದೆವು. ತಂಬಿಗೆ ಹಿಡಿದು ಇಳಿದೆ. ಸಮುದ್ರದ ಮಗ್ಗುಲಲ್ಲಿ ಸಿಹಿನೀರು ಸಿಕ್ಕೀತೇ ಎನ್ನುತ್ತ ಇವರೂ ಹಿಂದೆ ಬಂದರು. ಮೊದಲು ಕಾಲುವೆಗೆ ಹತ್ತಿರ ತೋಡಿದೆ, ಬಂದದ್ದು ಸವಳು ನೀರು. ದಿಬ್ಬದ ಮೇಲೆ ಹೋಗಿ ಇನ್ನೊಂದು ಶುರುಮಾಡಿದೆ. ಇವರು ಮಂಡಿಯೂರಿ ಎರಡೂ ಕೈಯಲ್ಲಿ ಜೋರಾಗಿ ಮರಳು ಬಗೆಯತೊಡಗಿದರು. ನಾನು ಕೈ ಹಿಡಿದು ನಿಲ್ಲಿಸಿದೆ.

"ಆಳ ಹೋಗಬ್ಯಾಡ್ರಿ. ಮಳಿ ನೀರು ಮರಳಾಗ ಇಳದು ನಿಂತಿರತೈತಿ. ಉಪ್ಪು ನೀರಿಗಿಂತ ಅದು ಹಗುರ, ಅದಕ್ಕ ಮ್ಯಾಲೇ ಇರತೈತಿ. ಕೆಳಗ ಹೋದಷ್ಟೂ ಉಪ್ಪು. ಮೆಲ್ಲಕ ಜಿನುಗಲಿ, ಮ್ಯಾಲಿಂದು ಅಷ್ಟ ತುಂಬೂಣು."

ಗುಂಡಿಯ ತಳ ಒದ್ದೆಯಾಯಿತು. ಬಗ್ಗಡ ಎತ್ತಿ ಚೆಲ್ಲಿದೆ, ಮತ್ತೆ ತುಂಬಲು ಬಿಟ್ಟೆ. ಮೂರನೆಯ ಸಲಕ್ಕೆ ನೀರು ತಿಳಿಯಾಯಿತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಸಿಹಿ. ಮುನುಸ್ವಾಮಿಯೂ ಬಂದು ಕುಡಿದು, ತನ್ನೂರ ಹೆಂಗಸರೂ ಹೀಗೇ ತೋಡುತ್ತಾರೆ, ಪಟ್ಟಣದವರು ಮರಳಿನ ನೀರು ಕುಡಿಯಲಿಕ್ಕಿಲ್ಲವೆಂದು ತಾನು ಹೇಳಿರಲಿಲ್ಲ ಎಂದ. ತಾಳೆಯ ನೆರಳಲ್ಲಿ ಕೂತು ಕೊರಳ ಲಿಂಗದ ಕರಡಿಗೆ ಬಿಚ್ಚಿ ಪೂಜೆ ಮಾಡಿದೆ. ಇವರೂ ಮಾಡಿದರು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ. ಅಂಥ ಊಟ ನಾನು ಮದರಾಸಿನಲ್ಲಿ ಉಂಡಿಲ್ಲ.

ಉಂಡಾದ ಮೇಲೂ ಇವರು ಆ ಗುಂಡಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ನನ್ನಂಥಾ ದಡ್ಡಗ ಒಂದ ಸಲಕ್ಕ ತಿಳಿಯೂ ಹಂಗ ಹೇಳಿದಿ. ನಿನ್ನ ಆ ಕೋಣಿಯಾಗ ಕುಂದರಿಸಿಕೊಂಡು ನಾ ಏನು ಮಾಡ್ಲಿ? ಹೋಗು, ಗದಗಿಗೆ ಹೋಗು."

ನಾನು ತಂಬಿಗೆ ತೊಳೆಯುತ್ತಿದ್ದೆ, ತೊಳೆದದ್ದನ್ನೇ ತೊಳೆದೆ.

ಮಧ್ಯಾಹ್ನ ನೀರೇರಿ ದೋಣಿ ತೇಲಿತು, ತಮ್ಮನೂ ಬಂದು ಸೇರಿದ. ಇಳಿಹೊತ್ತಿಗೆ ಮಹಾಬಲಿಪುರ ಮುಟ್ಟಿದೆವು. ಬಂಡೆಯಲ್ಲಿ ಕಡೆದ ಆನೆಗಳು, ಅಲೆ ಬಡಿಯುವ ಗುಡಿ, ದೀಪಸ್ತಂಭದ ದಿಬ್ಬ, ಎಲ್ಲ ನೋಡಿದೆವು. ಮುನುಸ್ವಾಮಿಯ ಮನೆಯಲ್ಲಿ ಬೆಲ್ಲದ ಪೊಂಗಲ್ ಬಡಿಸಿದರು. ಇವರು ಕೆಸರಿಗೆ ಕೂತ ದೋಣಿಯ ಕಥೆಯನ್ನು ಕೈ ಬಾಯಿ ಆಡಿಸುತ್ತ ಎಲ್ಲರಿಗೂ ಹೇಳಿದರು. ಗದಗಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಮರುದಿನ ಬಸ್ಸಿನಲ್ಲಿ ಚೆಂಗಲ್ಪಟ್ಟಿಗೆ ಬಂದು ರೈಲು ಹಿಡಿದೆವು. ಮರದ ಬೆಂಚು, ಕಾಲಿಡಲು ಜಾಗವಿಲ್ಲದಷ್ಟು ಹಬ್ಬದ ಜನ. ರೈಲು ಹೊರಟ ಮೇಲೆ ಹೇಳಿದೆ, "ಬರ್ತೀನಂತ ಬರೀತೀನ್ರಿ ಅವರಿಗೆ." ಇವರು ಹೂಂ ಎಂದರು. ಕಿಟಕಿಯಾಚೆ ಕೆರೆ ನೋಡಿದರು, ಗುಡ್ಡ ನೋಡಿದರು. ಹಗ್ಗ ಎಳೆದ ಹೆಗಲು ಕೆಂಪಾಗಿತ್ತು. ತಾಂಬರಂ ಬರುವ ಮೊದಲೇ ತೂಕಡಿಸಿ, ಅಷ್ಟು ಜನರೆದುರು ತಲೆಯನ್ನು ನನ್ನ ಭುಜಕ್ಕೆ ಒರಗಿಸಿಬಿಟ್ಟರು. ನಮ್ಮ ಕಡೆಯ ಗಂಡಸರು ಹಾಗೆ ಮಾಡುವುದಿಲ್ಲ. ಎದುರಿಗೆ ಕೂತಿದ್ದ ಮುದುಕಿ ಸೊಸೆಗೆ ಮೊಣಕೈಯಿಂದ ತಿವಿದು ತೋರಿಸಿದಳು. ತೋರಿಸಲಿ ಎಂದು, ಎಗ್ಮೋರು ಬರುವವರೆಗೆ ನಾನು ಭುಜ ಅಲುಗಿಸಲಿಲ್ಲ.