ಮುಂಗಾಜಿನ ಮೇಲಿನ ಬೊಟ್ಟು

ಅವಧಿ ಮುಗಿದ ಎಟಿಎಂ ಕಾರ್ಡನ್ನು ಎಸೆಯಬೇಡಿ. ಕಾರಿನೊಳಗೆ ವೈರು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಕೊಲ್ಲಿಯಿಂದ ರಜೆಗೆ ಬಂದಿದ್ದ ನೆರೆಮನೆಯ ಜೋಸ್ ಚೇಟ್ಟ, ಅಂದರೆ ಜೋಸಣ್ಣ, ಮುಂಗಾಜಿನ ಹಿಂದೆ ಕೂತು ದಾರಿಯ ನೋಟವನ್ನೂ ಒಳಗಿನ ಮಾತನ್ನೂ ದಾಖಲಿಸಿಕೊಳ್ಳುವ ಪುಟ್ಟ ಕ್ಯಾಮೆರಾವೊಂದನ್ನು ಕೈಗಿತ್ತಾಗ, ನಾವು ನೆಲೆಸಿರುವ ಮಲಯಾಳ ನಾಡಿನ ಕಳಕ್ಕೂಟಂನಲ್ಲಿ ಯಾರ ಕಾರಿನಲ್ಲೂ ಅಂಥದ್ದನ್ನು ಕಂಡಿರದ ನಾನು ಕುಣಿದುಬಿಟ್ಟೆ. ಭಾನುವಾರವಿಡೀ ಅದೇ ಕೆಲಸ. ವೈರನ್ನು ಚಾವಣಿಯ ಬಟ್ಟೆಯಂಚಿನೊಳಕ್ಕೆ ಕಾರ್ಡಿನಿಂದ ಮೆಲ್ಲಗೆ ತುರುಕಿ, ಬಾಗಿಲಿನ ರಬ್ಬರಿನಡಿ ಇಳಿಸಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ತಂದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದೆ. ಹೆಂಡತಿ ಸುಮ ಬಗ್ಗಿ ನೋಡಿ, "ಅಲ್ರೀ, ವೈರೇ ಕಾಣಿಸ್ತಿಲ್ವಲ್ಲ! ಕರೆಂಟ್ ಎಲ್ಲಿಂದ ಬರತ್ತೆ?" ಎಂದಾಗ ಆದ ಹಿಗ್ಗನ್ನು ಏನೆಂದು ಹೇಳಲಿ!

ಸಡಗರಕ್ಕೆ ಇನ್ನೊಂದು ಕಾರಣವಿತ್ತು. ಹಾಸನದಿಂದ ಅಮ್ಮ ಬರುವವಳಿದ್ದಳು. ನನ್ನ ಪುಟ್ಟ ಮಗಳು ನಿಧಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ; ಅಮ್ಮನಿಗೋ ಮಲಯಾಳದ ಒಂದಕ್ಷರವೂ ಬಾರದು. "ನನ್ನ ಮೊಮ್ಮಗಳ ಮಾತು ನಂಗೇ ಅರ್ಥ ಆಗಲ್ವಲ್ಲೋ" ಎಂದು ಅವಳು ಫೋನಿನಲ್ಲಿ ಅತ್ತದ್ದು ನನ್ನನ್ನು ಕೊರೆಯುತ್ತಲೇ ಇತ್ತು. ಇಬ್ಬರೂ ಮಾತಾಡದೆಯೇ ಈ ರಜೆಯೂ ಮುಗಿದುಹೋದರೆ ಎಂಬ ಭಯ ನನಗೆ.

ಅಮ್ಮನಿಗೆ ಟಿಕೆಟ್ ಸಿಕ್ಕಿದ್ದು ಕೊಚ್ಚಿಯವರೆಗೆ ಮಾತ್ರ, ಹಾಗಾಗಿ ಅವಳನ್ನು ಕರೆತರಲು ಎಲ್ಲರೂ ಕಾರಿನಲ್ಲೇ ಅಲ್ಲಿಗೆ ಹೊರಟೆವು. ನಿಲ್ದಾಣದಲ್ಲಿ ನನ್ನ ಕ್ಯಾಮೆರಾ ಪುರಾಣ ಕೇಳಿದ ಅಮ್ಮ, ನಾನು ಡಿಕ್ಕಿಗೆ ಚೀಲ ತುಂಬುತ್ತಿದ್ದಾಗ ಕಾರಿನ ಮುಂದೆ ನಿಂತು ಏನೋ ಮಾಡುತ್ತಿದ್ದಳು. "ಹೊಸ ವಸ್ತು ಅಂದ್ಯಲ್ಲ, ದೃಷ್ಟಿ ಆಗ್ಬಾರ್ದು ಕಣೋ" ಎಂದಳು. ನಾನು ಅತ್ತ ನೋಡಲಿಲ್ಲ. ದಾರಿಯುದ್ದಕ್ಕೂ "ಅಜ್ಜಿಗೆ ಕನ್ನಡದಲ್ಲಿ ಹೇಳು ಪುಟ್ಟಿ" ಎಂದು ನಾನು, "ಎನಿಕ್ಕು ಅರಿಯಿಲ್ಲ" ಎಂದು ನಿಧಿ. ಗೊತ್ತಿಲ್ಲವಂತೆ! ಆಲಪ್ಪುಳದಲ್ಲಿ ನಾನೂ ಸುಮಾಳೂ ಚಹಾ ಕುಡಿಯಲು ಇಳಿದೆವು. ಎಂಜಿನ್ ಆರಿಸದೆ ಬಿಟ್ಟಿದ್ದ ಕಾರಿನ ಎ.ಸಿ.ಯಲ್ಲೇ ಅಜ್ಜಿ, ಮೊಮ್ಮಗಳು ಕೂತಿದ್ದರು.

ಮರುದಿನ ಬೆಳಗ್ಗೆ ಎಲ್ಲರೂ ತಿಂಡಿಗೆ ಕೂರುವ ಮುನ್ನ ಕೋಣೆಯಲ್ಲಿ ಒಬ್ಬನೇ ಕೂತು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಅಯ್ಯೋ, ಕೊಚ್ಚಿ ಬಿಟ್ಟಲ್ಲಿಂದ ಬರೀ ಕೆಂಪು! ಗಾಜಿನ ಹೊರಗೆ, ಸರಿಯಾಗಿ ಕ್ಯಾಮೆರಾದ ಕಣ್ಣಿನೆದುರಿಗೇ, ಅಮ್ಮ ಒದ್ದೆ ಕುಂಕುಮದ ದೊಡ್ಡ ಬೊಟ್ಟಿಟ್ಟಿದ್ದಳು. ಒಳಗಿನ ಕನ್ನಡಿ ಅಡ್ಡವಾಗಿ ನನಗದು ಕಂಡಿರಲೇ ಇಲ್ಲ. ಮುಂದೆ ಮುಂದೆ ಓಡಿಸಿದರೂ ಅದೇ ಕೆಂಪು; ಸಿಟ್ಟು ಬಂದು ನಿಲ್ಲಿಸಬೇಕೆನ್ನುವಷ್ಟರಲ್ಲಿ ಆಲಪ್ಪುಳದಲ್ಲಿ ನಾನೂ ಸುಮಾಳೂ ಇಳಿದು ಬಾಗಿಲು ಮುಚ್ಚಿದ ಸದ್ದು, ಹಿಂದೆಯೇ ಒಂದು ಸಣ್ಣ ದನಿ:

"ಅಜ್ಜೀ, ನಂಗೆ ಕನ್ನಡ ಬರತ್ತೆ. ಅಪ್ಪಂಗೆ ಹೇಳ್ಬೇಡ, ಗೊತ್ತಾದ್ರೆ ಬಂದೋರ ಮುಂದೆಲ್ಲ ಮಾತಾಡು ಅಂತಾರೆ."

"ಇಲ್ಲ ಕಣೆ ಕಂದ, ನಾನ್ಯಾಕೆ ಹೇಳ್ಲಿ!" ಎಂದಳು ಅಮ್ಮ. ಆಮೇಲೆ ಶಾಲೆ, ಜಗಳ, ಬಿದ್ದ ಹಲ್ಲು, ಎಲ್ಲವೂ ಕನ್ನಡದಲ್ಲೇ. ನಾವು ಕಾರಿಗೆ ಮರಳಿದ ಸದ್ದಾಗುತ್ತಲೇ ಇಬ್ಬರೂ ಗಪ್‌ಚಿಪ್.

ನೀವೇ ಹೇಳಿ, ಆ ಕ್ಷಣ ನಾನು ಹೇಗೆ ಸುಮ್ಮನಿರಲಿ? ಊರಿಗೆಲ್ಲ ಸಾರಬೇಕು, ಮಗಳನ್ನು ಎತ್ತಿ ಕುಣಿಸಬೇಕು, ಸಂಜೆಗೇ ಜೋಸ್ ಚೇಟ್ಟನನ್ನು ಕರೆದು ಅವನೆದುರು ಅವಳಿಂದ ನಾಲ್ಕು ಮಾತಾಡಿಸಬೇಕು ಎಂದೆಲ್ಲ ಅನ್ನಿಸಿ, ಅವಳು ಹೆದರಿದ್ದು ಇದಕ್ಕೇ ಅಲ್ಲವೇ ಎಂದು ಹೊಳೆದು ನಗು ಬಂತು. ಚಾವಣಿಯ ಬಟ್ಟೆಯೊಳಗೆ ವೈರು ಬಚ್ಚಿಟ್ಟು ಬೀಗುತ್ತಿದ್ದವನ ಮನೆಯಲ್ಲಿ, ಅವನಿಗಿಂತ ಅಚ್ಚುಕಟ್ಟಾಗಿ ಬಚ್ಚಿಡಬಲ್ಲವಳು ಇದ್ದಳು.

"ಅಚ್ಛಾ, ಚಾಯ ವೇಣೋ?" ನಾನು ತಿಂಡಿಗೆ ಬಂದು ಕೂರುತ್ತಲೇ, ಅಪ್ಪಾ ಚಹಾ ಬೇಕಾ ಎಂದು ಅಡುಗೆಮನೆಯಿಂದ ನಿಧಿ ಮಲಯಾಳದಲ್ಲಿ ಕೂಗಿದಳು. ಅಮ್ಮ ನನ್ನ ಮುಖ ನೋಡಿ, ಮೊಮ್ಮಗಳ ಗುಟ್ಟೇನೂ ತಿಳಿಯದವಳಂತೆ ಕೂತಿದ್ದಳು. ನಾನೂ ಏನೂ ಗೊತ್ತಿಲ್ಲದವನಂತೆ ಬೇಕೆಂದೆ. ಚಹಾ ಕುಡಿದು, ಒದ್ದೆ ಬಟ್ಟೆ ಹಿಡಿದು ಕಾರಿನ ಬಳಿ ಹೋದೆ. ಬೊಟ್ಟು ಒಣಗಿ ಗಟ್ಟಿಯಾಗಿತ್ತು. ಒರೆಸದೆ ಮರಳಿ ಬಂದೆ.